ಜಯನಗರದ ಲೆಕ್ಕಕ್ಕೆ ಸಿಗದ ಅನಿಲ

ಬೆಂಗಳೂರಿನ ಗಾಳಿ ಕೆಟ್ಟುಹೋಗಿದೆ, ಮಲೆನಾಡಿನವರು ಶುದ್ಧ ಗಾಳಿ ಕುಡಿಯುವ ಪುಣ್ಯವಂತರು ಎಂಬ ಮಾತು ನಮ್ಮ ಊರುಗಳಲ್ಲಿ ಈಗ ಗಾದೆಯಂತೆ ಬಳಕೆಯಲ್ಲಿದೆ. ಚೌತಿಗೋ ಮದುವೆಗೋ ಬಂದ ಜಯನಗರ, ಜೆ.ಪಿ. ನಗರಗಳ ನೆಂಟರು ಅಂಗಳದಲ್ಲಿ ನಿಂತು ದೀರ್ಘವಾಗಿ ಉಸಿರೆಳೆದು ಹೇಳುವ ಮಾತು ಇದೇ. ಕೇಳಿದ ನಮಗೂ ಒಂದಿಷ್ಟು ಹೆಮ್ಮೆಯಾಗುತ್ತದೆ. ಆದರೆ ಈ ಮಾತಿನಲ್ಲಿ ಅರ್ಧ ಸತ್ಯ ಮಾತ್ರ ಇದೆ. ಜಯನಗರದ ಗಾಳಿಯಲ್ಲಿರುವ ಕೆಲವು ಅನಿಲಗಳು ಜಯನಗರದಲ್ಲಿಯೇ ಹುಟ್ಟಿ, ಅಲ್ಲಿಯವರ ಎದೆಗೇ ತಗಲಿ, ಅಲ್ಲಿಯೇ ಕ್ಷಯಿಸಿಹೋಗುತ್ತವೆ. ಇನ್ನೊಂದು ಅನಿಲ ಮಾತ್ರ ಅಲ್ಲಿ ಹುಟ್ಟಿದರೂ ಅಲ್ಲಿ ನಿಲ್ಲುವುದಿಲ್ಲ. ಅದರ ಮಟ್ಟಿಗೆ ಸಿಲ್ಕ್ ಬೋರ್ಡ್ ವೃತ್ತಕ್ಕೂ ಆಗುಂಬೆಯ ಘಾಟಿಗೂ ಹೆಚ್ಚಿನ ಅಂತರವಿಲ್ಲ. ಮೊದಲನೆಯ ಬಗೆಯ ಅನಿಲಗಳನ್ನು ಅಳೆಯಲು ನಗರದಲ್ಲಿ ಯಂತ್ರಗಳಿವೆ, ಕಾನೂನಿನ ಮಿತಿಗಳಿವೆ. ಎರಡನೆಯದಕ್ಕೆ ಅಲ್ಲಿ ಯಂತ್ರವೂ ಇಲ್ಲ, ಮಿತಿಯೂ ಇಲ್ಲ. ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿ ‘ಮಾಲಿನ್ಯ’ ಎಂದು ಕರೆಯುವ ರೂಢಿಯಿಂದ ನಗರಕ್ಕೆ ಒಂದು ಅನುಕೂಲವಾಗಿದೆ, ಗುಡ್ಡಗಾಡಿನ ನಮಗೆ ಒಂದು ನಷ್ಟವಾಗಿದೆ ಎಂಬುದು ಈ ಲೇಖನದ ವಾದ.

ಮೊದಲು ಗಾಳಿಯ ಕೂಡುವಿಕೆಯನ್ನು ನೆನಪು ಮಾಡಿಕೊಳ್ಳೋಣ. ಒಣ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, ಸುಮಾರು 21 ಪಾಲು ಆಮ್ಲಜನಕ, ಉಳಿದ ಒಂದು ಪಾಲಿನಲ್ಲಿ ಬಹುಭಾಗ ಆರ್ಗಾನ್. ಇಂಗಾಲದ ಡೈಆಕ್ಸೈಡ್ ಇರುವುದು ನೂರರ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಹತ್ತು ಲಕ್ಷ ಭಾಗಗಳಲ್ಲಿ ಈಗ ಸುಮಾರು 425 ಭಾಗ. ಕೈಗಾರಿಕೆಗಳು ಬರುವ ಮುಂಚೆ ಇದು 280 ಆಗಿತ್ತು. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಅಳೆಯಲು ಆರಂಭಿಸಿದಾಗ 315ರ ಆಸುಪಾಸಿನಲ್ಲಿತ್ತು. 2013ರಲ್ಲಿ ಅದೇ ಕೇಂದ್ರದಲ್ಲಿ ದಿನದ ಸರಾಸರಿ ಮೊದಲ ಬಾರಿಗೆ 400ನ್ನು ಮುಟ್ಟಿತು. ಸಮುದ್ರದ ನಡುವಿನ ಒಂದು ಪರ್ವತದ ಮೇಲಿನ ಅಳತೆಯನ್ನು ಇಡೀ ಭೂಮಂಡಲದ ಅಳತೆಯೆಂದು ಒಪ್ಪುವುದಕ್ಕೆ ಕಾರಣವಿದೆ. ಈ ಅನಿಲ ಎಲ್ಲಿ ಹುಟ್ಟಿದರೂ ತಿಂಗಳುಗಳಲ್ಲಿ ಲೋಕವನ್ನೆಲ್ಲ ಸುತ್ತಿ ಹೆಚ್ಚುಕಡಿಮೆ ಸಮನಾಗಿ ಬೆರೆತುಬಿಡುತ್ತದೆ.

ಇನ್ನು ದಕ್ಷಿಣ ಬೆಂಗಳೂರಿಗೆ ಬರೋಣ. ಜಯನಗರದ ಐದನೆಯ ಬ್ಲಾಕಿನಲ್ಲಿ, ಹೊಂಬೇಗೌಡ ನಗರದಲ್ಲಿ, ಸಿಲ್ಕ್ ಬೋರ್ಡಿನಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರಗಳಿವೆ. ಬಿ.ಟಿ.ಎಂ. ಬಡಾವಣೆಯಲ್ಲಿ ಕೇಂದ್ರ ಮಂಡಳಿಯದೊಂದಿದೆ. (ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರಿನ ಮೊದಲಕ್ಷರಗಳೇ ಬಿ.ಟಿ.ಎಂ. ಎಂಬುದು ಅಲ್ಲಿ ಬಾಡಿಗೆಗಿರುವ ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ!) ಇಂಥ ಕೇಂದ್ರಗಳು ಅಳೆಯುವುದು ಸೂಕ್ಷ್ಮ ದೂಳಿನ ಕಣಗಳನ್ನು, ಸಾರಜನಕದ ಆಕ್ಸೈಡುಗಳನ್ನು, ಗಂಧಕದ ಡೈಆಕ್ಸೈಡನ್ನು, ಇಂಗಾಲದ ಮೊನಾಕ್ಸೈಡನ್ನು, ಓಝೋನನ್ನು, ಅಮೋನಿಯಾವನ್ನು. ನಮ್ಮ ದೇಶ 2009ರಲ್ಲಿ ಪ್ರಕಟಿಸಿದ ವಾಯು ಗುಣಮಟ್ಟದ ಮಾನಕಗಳಲ್ಲಿ 12 ವಸ್ತುಗಳಿವೆ. ದಿನಪತ್ರಿಕೆಗಳಲ್ಲಿ ‘ಉತ್ತಮ’, ‘ಸಮಾಧಾನಕರ’ ಎಂದು ಬರುವ ಸೂಚ್ಯಂಕವನ್ನು ಎಂಟು ವಸ್ತುಗಳಿಂದ ಲೆಕ್ಕ ಹಾಕುತ್ತಾರೆ. ಆ ಹನ್ನೆರಡರಲ್ಲಿಯೂ ಈ ಎಂಟರಲ್ಲಿಯೂ ಇಂಗಾಲದ ಡೈಆಕ್ಸೈಡ್ ಇಲ್ಲ. ಇದು ಮಂಡಳಿಯ ಮರೆವಲ್ಲ. ಉಸಿರಾಡುವವನ ಎದೆಗೆ ಅಲ್ಲೇ ಕೇಡು ಮಾಡುವ ವಸ್ತುಗಳ ಪಟ್ಟಿ ಅದು, ಮತ್ತು ಆ ಕೆಲಸಕ್ಕೆ ಅದು ಸರಿಯಾದ ಪಟ್ಟಿಯೇ.

ಆ ಪಟ್ಟಿಯ ಅನಿಲಗಳ ಪೈಕಿ ದಕ್ಷಿಣ ಬೆಂಗಳೂರಿನಲ್ಲಿ ಹೆಚ್ಚು ಗಮನಿಸಬೇಕಾದದ್ದು ಸಾರಜನಕದ ಡೈಆಕ್ಸೈಡ್. ಅದು ಪೆಟ್ರೋಲಿನಲ್ಲಿ ಇರುವ ವಸ್ತುವಲ್ಲ. ಎಂಜಿನ್ನಿನ ಒಳಗಿನ ಕಡುಬಿಸಿಯಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ತಮ್ಮಷ್ಟಕ್ಕೆ ಕೂಡಿಕೊಂಡು ಉಂಟಾಗುವಂಥದು. ಶ್ವಾಸನಾಳವನ್ನು ಕೆರಳಿಸುತ್ತದೆ, ಉಬ್ಬಸದ ಮಕ್ಕಳನ್ನು ಕಂಗೆಡಿಸುತ್ತದೆ. ಕೇಂದ್ರ ಮಂಡಳಿ ಆರು ನಗರಗಳಲ್ಲಿ ನಡೆಸಿ 2010ರ ಸುಮಾರಿಗೆ ಪ್ರಕಟಿಸಿದ ಅಧ್ಯಯನದಲ್ಲಿ ಬೆಂಗಳೂರಿನ ಸಾರಜನಕ ಆಕ್ಸೈಡುಗಳ 68 ಪಾಲು ವಾಹನಗಳಿಂದ, 23 ಪಾಲು ಡೀಸೆಲ್ ಜನರೇಟರುಗಳಿಂದ ಬರುತ್ತದೆಂದು ಅಂದಾಜಿಸಲಾಗಿತ್ತು. ಜೆ.ಪಿ. ನಗರದ ಬಹುಮಹಡಿ ವಸತಿಗಳ ನೆಲಮಾಳಿಗೆಯಲ್ಲಿ ಕರೆಂಟು ಹೋದ ಕೂಡಲೆ ಗುಡುಗುವ ಜನರೇಟರು ಈ ಲೆಕ್ಕದಲ್ಲಿ ಸಣ್ಣ ಆಸಾಮಿಯಲ್ಲ. ಇದೇ ಅನಿಲ ಪೆಟ್ರೋಲಿನ ಆವಿಯೊಡನೆ ಬಿಸಿಲಿನಲ್ಲಿ ಬೆಂದಾಗ ನೆಲಮಟ್ಟದ ಓಝೋನ್ ಹುಟ್ಟುತ್ತದೆ. ಆಕಾಶದ ಎತ್ತರದಲ್ಲಿದ್ದು ನಮ್ಮನ್ನು ಕಾಯುವ ಓಝೋನ್ ಮೂಗಿನ ಮಟ್ಟಕ್ಕೆ ಬಂದಾಗ ವಿಷ. ಗಾಳಿ ಬೀಸಿದ ದಿಕ್ಕಿಗೆ ನಗರದಾಚೆಯ ಹೊಲಗದ್ದೆಗಳಿಗೂ ಹರಿದು ಪೈರಿನ ಎಲೆಯನ್ನು ಸುಡುವ ಗುಣ ಅದಕ್ಕಿದೆ.

ಈ ಬಗೆಯ ಅನಿಲಗಳ ವಿಷಯದಲ್ಲಿ ಸುಧಾರಣೆಯೇ ಆಗಿಲ್ಲವೆಂದು ಹೇಳುವುದು ತಪ್ಪಾಗುತ್ತದೆ. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂತು. ನೀಲಿ ಹೊಗೆ ಉಗುಳುತ್ತಿದ್ದ ಟೂ-ಸ್ಟ್ರೋಕ್ ಆಟೋಗಳು ಬನಶಂಕರಿಯ ರಸ್ತೆಗಳಿಂದ ಬಹುಮಟ್ಟಿಗೆ ಮರೆಯಾದವು. 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ ಆರರ ಇಂಧನ ಬಂದು ಅದರಲ್ಲಿನ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಇವೆಲ್ಲ ನಿಜವಾದ ಲಾಭಗಳು. ಆದರೆ ನಗರದಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಒಂದೊಂದು ವಾಹನದ ಹೊಗೆ ಕಡಿಮೆಯಾದಂತೆ ವಾಹನಗಳೇ ಹೆಚ್ಚಾದವು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಾರಜನಕದ ಡೈಆಕ್ಸೈಡಿಗೆ ವರ್ಷದ ಸರಾಸರಿ ಮಿತಿಯನ್ನು ಘನಮೀಟರಿಗೆ 40ರಿಂದ 10 ಮೈಕ್ರೋಗ್ರಾಮಿಗೆ ಇಳಿಸಿತು. ನಮ್ಮ 2009ರ ಮಾನಕದಲ್ಲಿ ಈ ಮಿತಿ 40 ಎಂದಿದೆ.

ಇಂಗಾಲದ ಮೊನಾಕ್ಸೈಡಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕಾಗಿದೆ, ಏಕೆಂದರೆ ಅದು ನಮ್ಮ ಮಕ್ಕಳ ಜೀವದ ಪ್ರಶ್ನೆ. ಹೆಸರಿನಲ್ಲಿ ಡೈಆಕ್ಸೈಡಿನ ತಮ್ಮನಂತೆ ಕಂಡರೂ ಗುಣದಲ್ಲಿ ಅದು ಬೇರೆಯೇ. ಇಂಧನ ಪೂರ್ತಿ ಉರಿಯಲು ಗಾಳಿ ಸಾಲದಾದಾಗ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿಯಲ್ಲಿ ಅಂಟಿಕೊಳ್ಳುತ್ತದೆ. ಬಯಲಿನ ರಸ್ತೆಯಲ್ಲಿ ಅದು ತಲೆನೋವು ತಂದೀತು, ಮುಚ್ಚಿದ ಕೋಣೆಯಲ್ಲಿ ಕೊಲ್ಲುತ್ತದೆ. ಬೆಂಗಳೂರಿನಲ್ಲಿ ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿ ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿಗಳು ಮತ್ತೆ ಮತ್ತೆ ವರದಿಯಾಗಿವೆ. ಓದಿಗೂ ಕೆಲಸಕ್ಕೂ ಹೋಗಿ ಬಿ.ಟಿ.ಎಂ. ಬಡಾವಣೆಯ ಪಿ.ಜಿ.ಗಳಲ್ಲಿ, ಸಣ್ಣ ಬಾಡಿಗೆ ಕೋಣೆಗಳಲ್ಲಿ ಇರುವ ಮಲೆನಾಡಿನ ಹುಡುಗ ಹುಡುಗಿಯರು ಸಾವಿರಾರು. ಊರಿನಲ್ಲಿ ಹಂಡೆಯ ಒಲೆ ಹೊಗೆಯಾಡಿದರೆ ಕಣ್ಣು ಉರಿದು ಎಚ್ಚರಿಸುತ್ತದೆ, ಹೆಂಚಿನ ಸಂದಿಯಲ್ಲಿ ಹೊಗೆ ಹೊರಗೆ ಹೋಗುತ್ತದೆ. ಗ್ಯಾಸ್ ಗೀಸರ್ ಹಾಗೆ ಎಚ್ಚರಿಸುವುದಿಲ್ಲ. ಅದು ಬಚ್ಚಲಿನ ಹೊರಗಿರಬೇಕು. ಒಳಗೇ ಇದ್ದರೆ ಬಕೆಟ್ಟಿಗೆ ನೀರು ತುಂಬಿಕೊಂಡು, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆಯೇ ಬಾಗಿಲು ಹಾಕಿಕೊಳ್ಳಬೇಕು. ಚಳಿಗೆ ಕೋಣೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗುವುದೂ ಇದೇ ಜಾತಿಯ ಅಪಾಯ. ಮನೆಯವರು ಫೋನು ಮಾಡಿದಾಗ ಊಟವಾಯಿತೇ ಎಂದು ಕೇಳುವ ಜೊತೆಗೆ ಇದನ್ನೂ ಒಂದು ಸಲ ಕೇಳಿ.

ಈಗ ಪಟ್ಟಿಯಲ್ಲಿ ಇಲ್ಲದ ಅನಿಲದ ಮಾತು. ಇಂಗಾಲದ ಡೈಆಕ್ಸೈಡ್ ವಿಷವೆಂದು, ಅದರಿಂದಾಗಿ ಬೆಂಗಳೂರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆಯೆಂದು ಶಾಲೆಯ ಭಾಷಣ ಸ್ಪರ್ಧೆಗಳಲ್ಲಿ ಕೇಳುತ್ತೇವೆ. ಎರಡೂ ಸರಿಯಲ್ಲ. ಸಿಲ್ಕ್ ಬೋರ್ಡಿನ ವಾಹನದಟ್ಟಣೆಯ ನಡುವೆಯೂ ಆಮ್ಲಜನಕ ನೂರಕ್ಕೆ ಸುಮಾರು 21 ಪಾಲೇ ಇರುತ್ತದೆ. ನಾವು ಹೊರಬಿಡುವ ಪ್ರತಿ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ನೂರಕ್ಕೆ 4 ಪಾಲು, ಎಂದರೆ ಹತ್ತು ಲಕ್ಷಕ್ಕೆ 40,000 ಭಾಗ. ಬೀದಿಯ ಗಾಳಿಯ 425 ಅದರ ಮುಂದೆ ಏನೂ ಅಲ್ಲ. ಕಿಟಕಿ ಮುಚ್ಚಿದ ತರಗತಿಯಲ್ಲಿ, ಗಾಜು ಏರಿಸಿ ಎ.ಸಿ. ಹಾಕಿದ ಕಾರಿನಲ್ಲಿ ಇದು ಸಾವಿರವನ್ನು ದಾಟಿ ಮಂಕು, ಆಕಳಿಕೆ ಬರಿಸುತ್ತದೆಂಬುದು ನಿಜ. ಕಿಟಕಿ ತೆರೆದರೆ ಅದಕ್ಕೆ ಪರಿಹಾರವೂ ಆಯಿತು. ನಾವು ದಿನಕ್ಕೆ ಉಸಿರಿನಲ್ಲಿ ಬಿಡುವ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಕೂಡ ಹೊಸದಲ್ಲ. ಉಂಡ ಅನ್ನ, ಸೊಪ್ಪು, ತೆಂಗುಗಳು ಮೊನ್ನೆಯಷ್ಟೇ ಗಾಳಿಯಿಂದ ಹೀರಿಕೊಂಡದ್ದನ್ನು ಮರಳಿ ಕೊಡುತ್ತಿದ್ದೇವೆ, ಅಷ್ಟೆ. ಪೆಟ್ರೋಲಿನ ಕಥೆ ಹಾಗಲ್ಲ. ಕೋಟ್ಯಂತರ ವರ್ಷ ನೆಲದಡಿಯಲ್ಲಿ ಹೂತಿದ್ದ ಇಂಗಾಲವನ್ನು ಅದು ಒಂದು ಮಧ್ಯಾಹ್ನದಲ್ಲಿ ಗಾಳಿಗೆ ತರುತ್ತದೆ.

ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ, ಅದರಲ್ಲಿ ಇಂಗಾಲ ಸುಮಾರು 640 ಗ್ರಾಂ. ಇಂಗಾಲದ ಪರಮಾಣು ತೂಕ 12, ಅದು ಆಮ್ಲಜನಕದ ಎರಡು ಪರಮಾಣುಗಳೊಡನೆ ಕೂಡಿದಾಗ 44. ಹೀಗಾಗಿ 640 ಗ್ರಾಂ ಇಂಗಾಲದಿಂದ ಸುಮಾರು 2,300 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಮುಕ್ಕಾಲು ಕಿಲೋ ತೂಗುವ ಪೆಟ್ರೋಲಿನಿಂದ ಎರಡೂಕಾಲು ಕಿಲೋಗೂ ಹೆಚ್ಚು ಅನಿಲ ಹೇಗೆ ಬಂತೆಂದು ಆಶ್ಚರ್ಯಪಡುವವರಿಗೆ ಉತ್ತರ ಇಷ್ಟೇ. ಉಳಿದ ತೂಕ ಗಾಳಿಯ ಆಮ್ಲಜನಕದ್ದು. ಡೀಸೆಲ್ಲಿಗೆ ಲೀಟರಿಗೆ ಸುಮಾರು 2.7 ಕಿಲೋ.

ಇಲ್ಲಿಯೇ ಎರಡು ಬಗೆಯ ಅನಿಲಗಳ ವ್ಯತ್ಯಾಸ ತಿಳಿಯಾಗುತ್ತದೆ. ಈಗಿನ ಕಾರುಗಳ ಹೊಗೆಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿ ಇರುತ್ತದೆ. ಪ್ಲಾಟಿನಮ್ ಜಾತಿಯ ಲೋಹಗಳ ಸಹಾಯದಿಂದ ಅದು ಮೊನಾಕ್ಸೈಡನ್ನೂ ಅರೆಬೆಂದ ಪೆಟ್ರೋಲಿನ ಆವಿಯನ್ನೂ ಪೂರ್ತಿ ಉರಿಸುತ್ತದೆ. ಉರಿದು ಅವು ಏನಾಗುತ್ತವೆ? ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ. ಎಂಜಿನ್ ಎಷ್ಟು ಶುದ್ಧವಾದರೂ ಟ್ಯಾಂಕಿಗೆ ಸುರಿದ ಇಂಗಾಲವೆಲ್ಲ ಕೊನೆಗೆ ಈ ರೂಪದಲ್ಲಿ ಹೊರಗೆ ಬಂದೇ ತೀರಬೇಕು. ಹೊಗೆ ತಪಾಸಣೆಯ ಪ್ರಮಾಣಪತ್ರಕ್ಕೆ ಪೆಟ್ರೋಲ್ ವಾಹನದಲ್ಲಿ ನೋಡುವುದು ಮೊನಾಕ್ಸೈಡನ್ನು ಮತ್ತು ಹೈಡ್ರೋಕಾರ್ಬನ್ನುಗಳನ್ನು, ಡೀಸೆಲ್ ವಾಹನದಲ್ಲಿ ಹೊಗೆಯ ಕಪ್ಪನ್ನು. ತಪಾಸಣೆಯಲ್ಲಿ ತೇರ್ಗಡೆಯಾದ ಕಾರಿನ ಒಡೆಯರು ತಾವು ಪರಿಸರಕ್ಕೆ ಸಲ್ಲಿಸಬೇಕಾದ ಬಾಕಿ ಮುಗಿಯಿತೆಂದು ಭಾವಿಸುತ್ತಾರೆ. ಜಯನಗರದ ಗಾಳಿಗೆ ಸಲ್ಲಬೇಕಾದದ್ದು ಮಾತ್ರ ಮುಗಿದಿದೆ, ಅದೂ ಒಂದು ಮಟ್ಟಿಗೆ. ಡಬ್ಬಿ ಹಾಕಿ ಶೋಧಿಸಿ ತೆಗೆಯಲು ಬಾರದ ಈ ಅನಿಲವನ್ನು ಕಡಿಮೆ ಮಾಡುವ ದಾರಿ ಒಂದೇ: ಉರಿಸುವ ಲೀಟರುಗಳನ್ನು ಕಡಿಮೆ ಮಾಡುವುದು.

ಇದು ಪುಸ್ತಕದ ಮಾತಲ್ಲವೆಂಬುದಕ್ಕೆ 2020ರ ಲಾಕ್‌ಡೌನ್ ಒಂದು ಪ್ರಯೋಗದಂತೆ ಒದಗಿತು. ಮಾರ್ಚ್ 25ರಿಂದ ವಾಹನಗಳು ನಿಂತವು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಸಾರಜನಕದ ಡೈಆಕ್ಸೈಡ್ ಗಣನೀಯವಾಗಿ ಇಳಿಯಿತು, ಆಕಾಶ ತೊಳೆದಂತಾಯಿತು, ಜನ ಮಹಡಿಯ ಮೇಲೆ ನಿಂತು ಹಕ್ಕಿಗಳ ದನಿ ಕೇಳಿದರು. ಆ ಅನಿಲದ ಆಯುಸ್ಸು ಗಂಟೆಗಳ, ಹೆಚ್ಚೆಂದರೆ ದಿನಗಳ ಲೆಕ್ಕದ್ದು, ಹುಟ್ಟು ನಿಂತರೆ ಸಾವು ಕೂಡಲೆ. ಆದರೆ ಅದೇ ವರ್ಷದ ಮೇ ತಿಂಗಳಿನಲ್ಲಿ ಮೌನಾ ಲೋವಾದಲ್ಲಿ ಇಂಗಾಲದ ಡೈಆಕ್ಸೈಡ್ 417ಕ್ಕೆ ಏರಿತು, ಹಿಂದಿನ ವರ್ಷದ ಮೇ ತಿಂಗಳಿಗಿಂತ ಎರಡು ಭಾಗಕ್ಕೂ ಹೆಚ್ಚು. ಲೋಕವೇ ಬಾಗಿಲು ಹಾಕಿಕೊಂಡ ವರ್ಷದಲ್ಲೂ ಏರಿಕೆ ನಿಲ್ಲಲಿಲ್ಲ. ಇಂದು ಉರಿಸಿದ ಪೆಟ್ರೋಲಿನ ಇಂಗಾಲದ ಒಂದು ಪಾಲು ನಮ್ಮ ಮರಿಮಕ್ಕಳ ಕಾಲದಾಚೆಗೂ ಗಾಳಿಯಲ್ಲಿ ಉಳಿಯುತ್ತದೆ.

ಹಾಗಾದರೆ ಮರಗಳು? ಜಯನಗರ, ಬನಶಂಕರಿಗಳ ಸಾಲುಮರಗಳನ್ನು ನೋಡಿದವರು ಯಾರೂ ಅವನ್ನು ಹಗುರವಾಗಿ ಮಾತನಾಡಲಾರರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿ, ಜನರನ್ನೂ ಅದರ ಪಾಲನೆಯಲ್ಲಿ ಸೇರಿಸಿಕೊಂಡ ಕೆಲಸ ನಮ್ಮ ರಾಜ್ಯದ ಹೆಮ್ಮೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆಂಗಳೂರಿನ ಮರವಿರುವ ರಸ್ತೆಗಳಲ್ಲಿ ಮರವಿಲ್ಲದ ರಸ್ತೆಗಳಿಗಿಂತ ಗಾಳಿಯ ಉಷ್ಣತೆ 5.6 ಡಿಗ್ರಿಯವರೆಗೆ, ಡಾಂಬರಿನ ಮೈಯ ಬಿಸಿ 27.5 ಡಿಗ್ರಿಯವರೆಗೆ ಕಡಿಮೆಯಿತ್ತು. ಗಂಧಕದ ಡೈಆಕ್ಸೈಡ್ ನೂರಕ್ಕೆ 65ರವರೆಗೆ ಕಡಿಮೆಯಿತ್ತು, ದೂಳೂ ಕಡಿಮೆಯಿತ್ತು. ಮೊದಲ ಬಗೆಯ ಅನಿಲಗಳಿಗೆ, ಬಿಸಿಲಿಗೆ, ದೂಳಿಗೆ ಸಾಲುಮರಕ್ಕಿಂತ ಒಳ್ಳೆಯ ಔಷಧಿಯಿಲ್ಲ. ರಸ್ತೆ ಅಗಲಿಸಲು ಒಂದು ಮರ ಕಡಿದಾಗಲೂ ಕೂಗೆಬ್ಬಿಸುವ ಅಲ್ಲಿನ ನಾಗರಿಕರ ಜೊತೆ ನಾವಿದ್ದೇವೆ.

ಆದರೆ ಇಂಗಾಲದ ಲೆಕ್ಕ ಬೇರೆ. ಬೆಳೆದ ಮರವೊಂದು ವರ್ಷಕ್ಕೆ 20 ಕಿಲೋ ಇಂಗಾಲದ ಡೈಆಕ್ಸೈಡ್ ಹೀರುತ್ತದೆಂದು ಉದಾರವಾಗಿಯೇ ಹಿಡಿಯೋಣ. ಜೆ.ಪಿ. ನಗರದಿಂದ ದಿನವೂ ಕೆಲಸಕ್ಕೆ ಹೋಗಿಬರಲು ಎರಡು ಲೀಟರ್ ಪೆಟ್ರೋಲ್ ಉರಿಸುವ ಒಂದು ಕಾರು ವರ್ಷಕ್ಕೆ ಸುಮಾರು 1,700 ಕಿಲೋ ಬಿಡುತ್ತದೆ. ಆ ಒಂದು ಕಾರಿಗೆ 80ಕ್ಕೂ ಹೆಚ್ಚು ಮರಗಳು ಬೇಕು, ಅವು ಕಡಿಯದೆ, ಕೊಳೆಯದೆ, ಸುಡದೆ ಉಳಿಯಬೇಕು. ಜಯನಗರದ ಮನೆ ಮುಂದೆ 80 ಮರಗಳಿಗೆ ಜಾಗವಿಲ್ಲ. ಜಾಗ ಎಲ್ಲಿದೆ ಎಂದು ಹುಡುಕುವವರ ಬೆರಳು ಭೂಪಟದ ಮೇಲೆ ಪಶ್ಚಿಮಕ್ಕೆ ಸರಿದು ನಮ್ಮ ಗುಡ್ಡಗಳ ಮೇಲೆ ಬಂದು ನಿಲ್ಲುತ್ತದೆ. ಕಾನೂನಿನ ‘ಪರ್ಯಾಯ ಅರಣ್ಯೀಕರಣ’ವಿರಲಿ, ಕಂಪೆನಿಗಳ ‘ಇಂಗಾಲ ಸಾಲಪತ್ರ’ವಿರಲಿ, ತರ್ಕದ ದಾರಿ ಒಂದೇ. ಉರಿಸಿದ್ದು ಅಲ್ಲಿ, ಹೂಳುವುದು ಇಲ್ಲಿ. ಹುಲ್ಲುಗುಡ್ಡ, ಬ್ಯಾಣ, ಸೊಪ್ಪಿನ ಬೆಟ್ಟಗಳನ್ನು ‘ಖಾಲಿ ಜಾಗ’ವೆಂದು ಬರೆದುಕೊಂಡು ಅಕೇಶಿಯಾ ನೆಟ್ಟದ್ದನ್ನು ಮಲೆನಾಡು ಕಂಡಿದೆ. ಅದರಡಿ ಹುಲ್ಲು ಸಹ ಸರಿಯಾಗಿ ಹುಟ್ಟದ್ದನ್ನು ದನ ಕಾಯುವವರು ಯಾವ ವಿಜ್ಞಾನಿಗಿಂತ ಮೊದಲೇ ಹೇಳಿದ್ದರು. ನಗರದ ಲೀಟರುಗಳು ಹಾಗೆಯೇ ಉಳಿಯುವುದಾದರೆ ಇಲ್ಲಿ ಎಷ್ಟು ಸಸಿ ನೆಟ್ಟರೂ ಅದು ತೂತು ಕೊಡಕ್ಕೆ ನೀರು ಹೊಯ್ದಂತೆ.

ಪೆಟ್ರೋಲ್ ಬಿಟ್ಟು ವಿದ್ಯುತ್ ವಾಹನಕ್ಕೆ ಹೋದರೆ ಸಮಸ್ಯೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಸಾರಜನಕದ ಡೈಆಕ್ಸೈಡಿನ ಮಟ್ಟಿಗೆ ಬನಶಂಕರಿಯಲ್ಲಿ ಖಂಡಿತ ಕಡಿಮೆಯಾಗುತ್ತದೆ. ಇಂಗಾಲದ ಲೆಕ್ಕವನ್ನೂ ನ್ಯಾಯವಾಗಿ ಹಾಕೋಣ. ವಿದ್ಯುತ್ ಸ್ಕೂಟರಿಗೆ ನೂರು ಕಿಲೋಮೀಟರಿಗೆ ಸುಮಾರು 3 ಯೂನಿಟ್ ಬೇಕು. ಪೂರ್ತಿ ಕಲ್ಲಿದ್ದಲಿನ ವಿದ್ಯುತ್ ಎಂದಿಟ್ಟುಕೊಂಡರೂ ಯೂನಿಟ್ಟಿಗೆ ಹೆಚ್ಚುಕಡಿಮೆ ಒಂದು ಕಿಲೋದಂತೆ 3 ಕಿಲೋ ಆಯಿತು. ಲೀಟರಿಗೆ 45 ಕಿಲೋಮೀಟರ್ ಓಡುವ ಪೆಟ್ರೋಲ್ ಸ್ಕೂಟರ್ ಅಷ್ಟೇ ದೂರಕ್ಕೆ 5 ಕಿಲೋ ಬಿಡುತ್ತದೆ. ಲಾಭವಿದೆ, ಅಲ್ಲಗಳೆಯಲಾಗದು. ಆದರೆ ಆ ಕರೆಂಟು ಎಲ್ಲಿಂದ ಬರುತ್ತದೆ? 1985ರಿಂದ ಉರಿಯುತ್ತಿರುವ ರಾಯಚೂರಿನ ಶಾಖೋತ್ಪನ್ನ ಸ್ಥಾವರದಿಂದ, ಬಳ್ಳಾರಿಯ ಕುಡಿತಿನಿಯಿಂದ, ಉಡುಪಿಯ ನಂದಿಕೂರಿನಿಂದ. ನಂದಿಕೂರಿನ ವಿದ್ಯುತ್ತನ್ನು ಹಾಸನಕ್ಕೆ ಒಯ್ಯುವ 400 ಕಿಲೋವೋಲ್ಟ್ ತಂತಿ ನಮ್ಮ ಘಟ್ಟದ ಕಾಡನ್ನೇ ಸೀಳಿಕೊಂಡು ಬಂದಿದೆ. ಜಯನಗರದಲ್ಲಿ ಇಳಿದ ಹೊಗೆಯ ಒಂದು ಪಾಲು ಇನ್ನೊಬ್ಬರ ಊರಿನಲ್ಲಿ ಏರುತ್ತದೆ.

ಹೊಗೆಯಿಲ್ಲದ ವಿದ್ಯುತ್ ಬೇಕೆಂದಾಗ ಕಣ್ಣು ಬೀಳುವುದು ಶರಾವತಿಯ ಮೇಲೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮುಳುಗಿದ ಊರುಗಳವರ ಮೊಮ್ಮಕ್ಕಳು ಇಂದಿಗೂ ಜಮೀನಿನ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಈಗ ಅದೇ ಕಣಿವೆಯಲ್ಲಿ, ಸಿಂಗಳೀಕದ ಅಭಯಾರಣ್ಯದಲ್ಲಿ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್ ಭೂಗತ ಜಲವಿದ್ಯುತ್ ಯೋಜನೆಯ ಪ್ರಸ್ತಾವ ಮುಂದಿದೆ. ಕೆಳಗಿನ ನೀರನ್ನು ಮೇಲಕ್ಕೆ ಪಂಪು ಮಾಡಿ, ಸಂಜೆ ಬೇಡಿಕೆ ಏರಿದಾಗ ಮರಳಿ ಕೆಳಗಿಳಿಸುವ ವ್ಯವಸ್ಥೆ ಇದು. ಹಗಲಿನ ಸೌರ ವಿದ್ಯುತ್ತನ್ನು ಸಂಜೆಗೆ ಕೂಡಿಡಬೇಕೆಂಬ ತರ್ಕ ಅಪ್ರಯೋಜಕವಲ್ಲ. ಆದರೆ ಇಂಥ ಯೋಜನೆ ಕೊಡುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ನುಂಗುತ್ತದೆಂಬುದನ್ನೂ, ಕಾರ್ಬನ್ ಇಳಿಸುವ ಹೆಸರಿನಲ್ಲಿ ಕಾರ್ಬನ್ ಹಿಡಿದಿಟ್ಟ ಕಾಡನ್ನೇ ಅಗೆಯಬೇಕಾಗುತ್ತದೆಂಬುದನ್ನೂ ಮರೆಮಾಚಬಾರದು. ಸಂಜೆಯ ಆ ಬೇಡಿಕೆಯನ್ನು ನಗರ ಎಷ್ಟು ತಗ್ಗಿಸಬಲ್ಲದು ಎಂಬ ಪ್ರಶ್ನೆಯನ್ನು ಮೊದಲು ಕೇಳಿ, ಆಮೇಲೆ ಕಣಿವೆಯ ಬಾಗಿಲು ತಟ್ಟುವುದು ಕ್ರಮ.

ಮೀಥೇನಿನ ಬಗ್ಗೆ ಒಂದು ಮಾತು. ಮಡಿವಾಳ ಕೆರೆಯ ನೀರು ಅಗರಕ್ಕೆ, ಅಲ್ಲಿಂದ ಬೆಳ್ಳಂದೂರಿಗೆ ಹರಿಯುತ್ತದೆ. ದಶಕಗಳ ಕಾಲ ನೀರಿನ ಜೊತೆ ಕೊಳಚೆಯೂ ಹರಿಯಿತು. ಕೆಸರಿನಲ್ಲಿ ಗಾಳಿಯಿಲ್ಲದೆ ಕೊಳೆತ ಕೊಳಚೆಯಿಂದ ಏಳುವುದು ಮೀಥೇನ್. 2015ರಲ್ಲಿ, ಮತ್ತೆ 2017ರಲ್ಲಿ, 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ್ದನ್ನು ಲೋಕವೆಲ್ಲ ನೋಡಿತು. ಉರಿಯದೆ ಗಾಳಿಗೆ ಸೇರಿದ ಮೀಥೇನ್, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಬಿಸಿ ಹಿಡಿಯುತ್ತದೆ. ನಮ್ಮ ಕೊಟ್ಟಿಗೆಯ ಪಕ್ಕದ ಗೋಬರ್ ಗ್ಯಾಸಿನ ಗುಂಡಿಯಲ್ಲಿರುವುದೂ ಇದೇ. ಒಲೆಯಲ್ಲಿ ಉರಿದರೆ ಉಪಕಾರ, ಪೈಪು ಬಿರಿದು ಸೋರಿದರೆ ಅಪಕಾರ. ವರ್ಷಕ್ಕೊಮ್ಮೆ ಸೋಪಿನ ನೀರು ಸವರಿ ಗುಳ್ಳೆ ಬರುತ್ತದೆಯೇ ಎಂದು ನೋಡುವುದು ಕಷ್ಟದ ಕೆಲಸವಲ್ಲ.

ನಗರದತ್ತ ಬೆರಳು ತೋರುವ ನಾವು ನಮ್ಮ ಒಲೆಯನ್ನೂ ನೋಡಿಕೊಳ್ಳಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾಯಿತು. ಅಲ್ಲಿ ರೂಪಿಸಿದ ಅಸ್ತ್ರ ಒಲೆ ಮಲೆನಾಡಿನ ಎಷ್ಟೋ ಅಡುಗೆಮನೆಗಳನ್ನು ಹೊಗೆಯಿಂದ ಬಿಡಿಸಿತು. ಅದರ ಹೆಚ್ಚುಗಾರಿಕೆ ಇರುವುದು ಹೊಗೆಯನ್ನು ಕೊಳವೆಯಿಂದ ಹೊರಗೆ ಹಾಕಿದ್ದರಲ್ಲಿ ಮಾತ್ರವಲ್ಲ, ಸೌದೆಯನ್ನೂ ಉಳಿಸಿದ್ದರಲ್ಲಿ. ಕಾರಿನ ಕನ್ವರ್ಟರ್ ಮೊದಲನೆಯದನ್ನು ಮಾತ್ರ ಮಾಡುತ್ತದೆ. ಅಡಿಕೆ ಬೇಯಿಸುವ ಒಲೆಗಳಲ್ಲಿ ಇಂದಿಗೂ ಅರ್ಧಕ್ಕರ್ಧ ಶಾಖ ಗಾಳಿಗೆ ಹೋಗುತ್ತಿದೆಯೆಂಬುದು ಒಲೆಯ ಮುಂದೆ ನಿಂತವರಿಗೆಲ್ಲ ಗೊತ್ತು. ಪೇಟೆಗೆ ಒಂದು ಕಟ್ಟು ವೀಳ್ಯದೆಲೆ ತರಲು ಜೀಪು ಹೊರಡಿಸುವವರೂ ನಮ್ಮಲ್ಲಿ ಇಲ್ಲದಿಲ್ಲ.

ಈ ಲೆಕ್ಕದ ಬಿಸಿ ತಟ್ಟುವುದು ಯಾರಿಗೆ? 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವು, 2020ರಲ್ಲಿ ತಲಕಾವೇರಿಯ ಬೆಟ್ಟ ಕುಸಿಯಿತು. ಒಂದೊಂದು ಕುಸಿತವನ್ನೂ ಇಂಗಾಲದ ತಲೆಗೆ ಕಟ್ಟುವುದು ಪ್ರಾಮಾಣಿಕತೆಯಲ್ಲ. ರಸ್ತೆಗೆಂದು ಕಡಿದ ಇಳಿಜಾರು, ರೆಸಾರ್ಟಿಗೆಂದು ಮಟ್ಟ ಮಾಡಿದ ಗುಡ್ಡ, ಇಂಗುಗುಂಡಿಯ ಹೆಸರಿನಲ್ಲಿ ಬೇಡದ ಕಡೆ ತೋಡಿದ ಹೊಂಡ ಇವೆಲ್ಲಕ್ಕೂ ಪಾಲಿದೆ. ಆದರೆ ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ನೂರಕ್ಕೆ ಸುಮಾರು 7 ಪಾಲು ಹೆಚ್ಚು ನೀರಾವಿ ಹಿಡಿಯಬಲ್ಲದೆಂಬುದು ಭೌತವಿಜ್ಞಾನದ ನಿಯಮ. ಹಿಡಿದದ್ದನ್ನು ಅದು ಒಮ್ಮೆಗೇ ಸುರಿಯುವುದು ಗುಡ್ಡಕ್ಕೆ ತಾಗಿದಾಗ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬಯಲಿನಲ್ಲಿ ಕುಳಿತ ಜಯನಗರಕ್ಕೆ ಹೋಲಿಸಿದರೆ ಮಲೆಯ ಇಳಿಜಾರಿನಲ್ಲಿ ಮನೆ ಕಟ್ಟಿದವರಿಗೆ ಅಪಾಯ ಹತ್ತಿರ.

ಮಹಾನಗರ ಪಾಲಿಕೆ 2023ರ ನವೆಂಬರಿನಲ್ಲಿ ಬೆಂಗಳೂರಿನ ಹವಾಮಾನ ಕ್ರಿಯಾಯೋಜನೆಯನ್ನು ಪ್ರಕಟಿಸಿ 2050ರ ಹೊತ್ತಿಗೆ ಇಂಗಾಲದ ನಿವ್ವಳ ಬಿಡುಗಡೆಯನ್ನು ಸೊನ್ನೆಗೆ ತರುವ ಗುರಿ ಹೇಳಿತು. ಗುರಿ ಒಳ್ಳೆಯದು. ‘ನಿವ್ವಳ’ ಎಂಬ ಪದದ ಮೇಲೆ ಮಾತ್ರ ನಮ್ಮ ಕಣ್ಣಿರಬೇಕು. ಉರಿಸಿದ್ದರಲ್ಲಿ ಇನ್ನೊಂದು ಕಡೆ ಹೂತದ್ದನ್ನು ಕಳೆಯುವ ಅವಕಾಶ ಆ ಪದದ ಒಳಗಿದೆ. ಕಳೆಯುವ ಮೊದಲು ಕೂಡುವ ಲೆಕ್ಕವನ್ನು ಬಹಿರಂಗವಾಗಿ ಇಡಲಿ ಎಂಬುದು ನಮ್ಮ ಬೇಡಿಕೆ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ಪೆಟ್ರೋಲ್, ಡೀಸೆಲ್‌ಗಳ ಮಾರಾಟ ತೆರಿಗೆ ರಾಜ್ಯದ ಕೈಯಲ್ಲೇ ಇದೆ, ಬಂಕುಗಳಲ್ಲಿ ಮಾರಿದ ಪ್ರತಿ ಲೀಟರಿಗೂ ಲೆಕ್ಕವಿದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಬಂಕುಗಳಲ್ಲಿ ತಿಂಗಳಿಗೆ ಎಷ್ಟು ಲೀಟರ್ ಮಾರಾಟವಾಯಿತೆಂಬುದನ್ನು ವಾಯು ಗುಣಮಟ್ಟದ ಸೂಚ್ಯಂಕದ ಪಕ್ಕದಲ್ಲಿಯೇ ಪ್ರಕಟಿಸಲಿ. 2017ರಲ್ಲಿ ಹಸಿರು ಮಾರ್ಗದ ಮೆಟ್ರೋ ಜಯನಗರ, ಬನಶಂಕರಿಗಳನ್ನು ದಾಟಿ ಯಲಚೇನಹಳ್ಳಿಯವರೆಗೆ ಬಂತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬಿ.ಟಿ.ಎಂ. ಬಡಾವಣೆ, ಸಿಲ್ಕ್ ಬೋರ್ಡುಗಳ ಮೂಲಕ ಬೊಮ್ಮಸಂದ್ರಕ್ಕೆ ಓಡತೊಡಗಿತು. ಇಷ್ಟು ಖರ್ಚು ಮಾಡಿದ ಮೇಲೆ ಲೀಟರುಗಳು ಇಳಿದವೇ, ಇಲ್ಲವೇ? ಸಾರಜನಕದ ಡೈಆಕ್ಸೈಡ್ ಇಳಿದೀತು, ಹೊಸ ಎಂಜಿನ್ನುಗಳು ಬಂದದ್ದರಿಂದಲೂ ಇಳಿದೀತು. ಲೀಟರು ಮಾತ್ರ ಜನ ನಿಜವಾಗಿ ಬಸ್ಸು, ರೈಲು ಹತ್ತಿದರೆ, ನಡೆದರೆ, ಸೈಕಲ್ ತುಳಿದರೆ ಇಳಿಯುತ್ತದೆ. ಹೊಸ ಮೇಲುಸೇತುವೆ ಕಟ್ಟಿದರೆ ಇಳಿಯುವುದಿಲ್ಲ.

ಸರಕಾರ ಆ ಲೆಕ್ಕ ಕೊಡುವವರೆಗೆ ನಮ್ಮ ವಿದ್ಯಾರ್ಥಿಗಳು ಕಾಯಬೇಕಾಗಿಲ್ಲ. ಬೆಂಗಳೂರಿನಲ್ಲಿರುವವರು ತಮ್ಮ ಕೋಣೆಯ, ಊರಿನಲ್ಲಿರುವವರು ತಮ್ಮ ಮನೆಯ ಮೂರು ತಿಂಗಳ ಪಟ್ಟಿ ಬರೆಯಲಿ. ಪೆಟ್ರೋಲ್ ಲೀಟರುಗಳನ್ನು 2.3ರಿಂದ, ಡೀಸೆಲ್ ಲೀಟರುಗಳನ್ನು 2.7ರಿಂದ ಗುಣಿಸಬೇಕು. 14.2 ಕಿಲೋದ ಅಡುಗೆ ಅನಿಲದ ಸಿಲಿಂಡರ್ ಒಂದಕ್ಕೆ ಸುಮಾರು 42 ಕಿಲೋ ಹಿಡಿಯಬೇಕು. ಬಸ್ಸಿನಲ್ಲಿ ಹೋದ ದಿನಗಳನ್ನು ಬೇರೆ ಸಾಲಿನಲ್ಲಿ ಬರೆಯಬೇಕು. ಇಂಥ ಐವತ್ತು ಪಟ್ಟಿಗಳು ಪತ್ರಿಕೆಗೆ ಬಂದರೆ ಹೆಸರುಗಳನ್ನು ಬಿಟ್ಟು, ನಗರದ್ದನ್ನೂ ಮಲೆಯದ್ದನ್ನೂ ಪಕ್ಕಪಕ್ಕದಲ್ಲಿ ಅಚ್ಚು ಮಾಡಬಹುದು.